ಸೊಳ್ಳೆಯ ಎಂಜಲು

ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರ ಸ್ವಾಮಿಯ ದರ್ಶನ ಮಾಡಿಕೊಂಡು ಹೊರಟವರು, ಇನ್ನೂ ಹೊತ್ತಿದ್ದರೆ, ಮಾರ್ಕೋನಹಳ್ಳಿಯ ಕಡೆಗೆ ತಿರುಗುವುದು ನಮ್ಮ ಸೀಮೆಯ ವಾಡಿಕೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಬರುವ ಶಿಂಷೆಗೆ ಇಲ್ಲಿ ಕಟ್ಟೆ ಕಟ್ಟಿದ್ದಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕೆಲಸ. ನಡುವೆ ಕಲ್ಲಿನ ಕಟ್ಟಡ, ಎರಡು ಪಕ್ಕಕ್ಕೂ ಮಣ್ಣಿನ ಏರಿ. ನೀರು ಒಂದು ಮಟ್ಟವನ್ನು ಮೀರಿದೊಡನೆ, ಯಾರೂ ಬಾಗಿಲೆತ್ತದೆ, ತಾನೇ ಹೀರಿಕೊಂಡು ಹೊರಕ್ಕೆ ಸುರಿಯುವ ಸೈಫನ್ನುಗಳು ಈ ಕಟ್ಟೆಯ ವಿಶೇಷ. ಸಂಜೆಯ ಹೊತ್ತು ಏರಿಯ ಮೇಲೆ ನಿಂತು ನೀರಿನ ಮೇಲಣ ಗಾಳಿಯನ್ನು ಅನುಭವಿಸಿದವರಿಗೆ ಅಲ್ಲಿಂದ ಏಳುವ ಮನಸ್ಸೇ ಬರುವುದಿಲ್ಲ. ಏಳಿಸುವವು ಸೊಳ್ಳೆಗಳು.

ಕೆಲವು ವರ್ಷಗಳ ಕೆಳಗೆ ನಾವೂ ಹಾಗೆ ಕುಳಿತಿದ್ದೆವು. ನನ್ನ ಜೊತೆಯಲ್ಲಿ ಇಬ್ಬರು ಮೊಮ್ಮಕ್ಕಳು. ಮಗನ ಮಗ ಕುಣಿಗಲ್ಲಿನಲ್ಲೇ ಬೆಳೆದ ಒಂಬತ್ತು ವರ್ಷದ ಹುಡುಗ. ಮಗಳ ಮಗಳು ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಬೆಳೆದು ರಜಕ್ಕೆಂದು ಬಂದಿದ್ದ ಐದು ವರ್ಷದ ಹುಡುಗಿ. ಇಬ್ಬರಿಗೂ ಸೊಳ್ಳೆ ಕಚ್ಚಿತು. ಹುಡುಗನ ಮೊಣಕಾಲ ಕೆಳಗೆ ಏಳೆಂಟು ಸಣ್ಣ ದದ್ದುಗಳೆದ್ದವು. ಮನೆ ಸೇರುವ ಹೊತ್ತಿಗೆ ಅವು ಎಲ್ಲಿದ್ದವೆಂದು ಹುಡುಕಬೇಕಾಯಿತು. ಹುಡುಗಿಗೆ ಕಚ್ಚಿದ್ದು ಬರಿಯ ಮೂರು ಕಡೆ. ಊಟಕ್ಕೆ ಕೂತಾಗ ಅವಳ ಮುಂಗೈ ಕೊಬ್ಬರಿ ಗಿಟುಕಿನ ಹಾಗೆ ಊದಿತ್ತು. ಮಲಗುವ ಹೊತ್ತಿಗೆ ಒಂದು ಕಣ್ಣು ಮುಚ್ಚಿಹೋಯಿತು. ಬೆಳಿಗ್ಗೆ ಮೈ ಬಿಸಿಯಾಗಿತ್ತು.

ತೋರಿಸಿದ ಮೊದಲನೆಯ ವೈದ್ಯರು ಗಾಯಕ್ಕೆ ನಂಜೇರಿದೆ ಎಂದು ಆಂಟಿಬಯಾಟಿಕ್ ಬರೆದುಕೊಟ್ಟರು. ಅವರನ್ನು ದೂರಿ ಫಲವಿಲ್ಲ. ಕೆಂಪು, ಊತ, ಬಿಸಿ, ನೋವು, ಜ್ವರ, ಹೀಗೆ ನಂಜಿನ ಲಕ್ಷಣಗಳೆಲ್ಲ ಇದ್ದವು. ಮಾರನೆಯ ದಿನ ಮತ್ತೊಬ್ಬರಿಗೆ ತೋರಿಸಿದೆವು. ಅವರು ಕೈ ಮುಟ್ಟುವುದಕ್ಕೆ ಮೊದಲು ಒಂದು ಪ್ರಶ್ನೆ ಕೇಳಿದರು: “ಕಚ್ಚಿದ ಎಷ್ಟು ಹೊತ್ತಿಗೆ ಊದಿತು?” ಎರಡು ಮೂರು ಗಂಟೆಯೊಳಗೆ ಎಂದೆ. “ನಂಜಿಗೆ ಅಷ್ಟು ಆತುರವಿರುವುದಿಲ್ಲ ಯಜಮಾನರೇ, ಅದಕ್ಕೆ ಒಂದೆರಡು ದಿನವಾದರೂ ಬೇಕು. ಇದು ಅಲರ್ಜಿ” ಎಂದು ಹೇಳಿ ಔಷಧಿಯನ್ನು ಬದಲಾಯಿಸಿದರು. ಮಗು ಚೇತರಿಸಿಕೊಂಡಿತು. ಚೇತರಿಸಿಕೊಂಡು ಕೇಳಿದ್ದು ಇದು: “ತಾತ, ಸೊಳ್ಳೆ ಅಣ್ಣನಿಗೆ ಮೆತ್ತಗೆ ಕಚ್ಚಿ ನನಗೆ ಮಾತ್ರ ಯಾಕೆ ಜೋರಾಗಿ ಕಚ್ತು?”

ವಾಚಕರೇ, ನಿಮ್ಮ ಮನೆಯಲ್ಲಿಯೂ ಯಾರಾದರೂ ಈ ಪ್ರಶ್ನೆಯನ್ನು ಕೇಳಿಯೇ ಇರುತ್ತಾರೆ. “ಅವಳದು ಸಿಹಿ ರಕ್ತ” ಎಂದು ಹಿರಿಯರು ಉತ್ತರ ಕೊಟ್ಟು ಮುಗಿಸುವುದೂ ಉಂಟು. ನಾನೂ ಮೊದಲು ಹಾಗೆಯೇ ಹೇಳಿದೆ. ಆದರೆ ಮಗು ಕೇಳಿದ್ದು ಸೊಳ್ಳೆ ಯಾರನ್ನು ಹುಡುಕಿ ಬರುತ್ತದೆ ಎಂದಲ್ಲ. ಒಂದೇ ಬಗೆಯ ಕಡಿತ ಇಬ್ಬರ ಮೈಯಲ್ಲಿ ಎರಡು ಬಗೆಯಾಗಿ ಏಕೆ ಕಾಣುತ್ತದೆ ಎಂದು. ಈ ಸಣ್ಣ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ವಿದ್ವಾಂಸರಿಗೆ ಇನ್ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿದಿದೆ. ಅದರ ಒಂದೆರಡು ಅಧ್ಯಾಯಗಳು ನಡೆದಿರುವುದು ನಮ್ಮ ಬೆಂಗಳೂರಿನಲ್ಲಿ.

ಕಚ್ಚುವುದೆಂದು ನಾವು ಹೇಳುತ್ತೇವಾದರೂ ಸೊಳ್ಳೆಗೆ ಹಲ್ಲಿಲ್ಲ. ಅದರ ಸೊಂಡಿಲು ಒಂದು ಒರೆ. ಒಳಗೆ ಕೂದಲಿಗಿಂತ ಸಣ್ಣ ಆರು ಸೂಜಿಗಳು. ಚರ್ಮದೊಳಕ್ಕೆ ಇಳಿಯುವುವು ಈ ಸೂಜಿಗಳು. ಒರೆ ಹೊರಗೇ ಬಾಗಿಕೊಂಡು ನಿಲ್ಲುತ್ತದೆ. ಒಂದು ಸೂಜಿಯ ಕೊಳವೆಯಲ್ಲಿ ರಕ್ತ ಮೇಲಕ್ಕೆ ಬರುತ್ತದೆ. ಮತ್ತೊಂದರಲ್ಲಿ ಸೊಳ್ಳೆಯ ಜೊಲ್ಲು ಕೆಳಕ್ಕೆ ಇಳಿಯುತ್ತದೆ. ಊಟಕ್ಕೆ ಮುಂಚೆ ಎಲೆಗೆ ನೀರು ಚಿಮುಕಿಸುವ ನಮ್ಮ ಮರ್ಯಾದೆ ಅದಕ್ಕಿಲ್ಲ. ಅದು ಎಂಜಲನ್ನೇ ಚಿಮುಕಿಸಿ ಉಣ್ಣಲು ಕೂರುತ್ತದೆ. ಈ ಕೆಲಸ ಹೆಣ್ಣು ಸೊಳ್ಳೆಯದು ಮಾತ್ರ, ಮೊಟ್ಟೆ ಕಟ್ಟುವುದಕ್ಕೆ ಅದಕ್ಕೆ ರಕ್ತ ಬೇಕು. ಗಂಡು ಹೂವಿನ ರಸ ಕುಡಿದುಕೊಂಡು ಸಾಧುವಾಗಿರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ರೇಓಮ್ಯೂರ್ ಎಂಬ ಪಂಡಿತ ಸೊಳ್ಳೆ ತನ್ನ ಕೈಯ ಮೇಲೆ ಕೂತು ಕುಡಿಯುವುದನ್ನು ನೋಡಿ, ಅದು ಏನೋ ಒಂದು ದ್ರವವನ್ನು ಒಳಗೆ ಬಿಡುತ್ತಿರಬೇಕು, ರಕ್ತ ತಿಳಿಯಾಗಿ ಹರಿಯಲೆಂದು ಹಾಗೆ ಮಾಡುತ್ತಿರಬೇಕು, ಎಂದು ಊಹಿಸಿದ. ಊಹೆ ಬಹುಮಟ್ಟಿಗೆ ಸರಿ. ಅದನ್ನು ತೋರಿಸಿಕೊಡುವ ಸಾಧನಗಳು ಮಾತ್ರ ಆಗ ಇರಲಿಲ್ಲ.

ಇನ್ನು ಬೆಂಗಳೂರು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೈನ್ಯದ ವೈದ್ಯನಾಗಿ ದಂಡಿನಲ್ಲಿ ಕೆಲಸಕ್ಕೆ ಬಂದ. ಕವಿತೆ, ಗಣಿತ, ಸಂಗೀತ ಎಂದು ಕಾಲ ಕಳೆಯುತ್ತಿದ್ದ ಮನುಷ್ಯ. ಅವನಿಗೆ ಕೊಟ್ಟಿದ್ದ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತವಾಗಿತ್ತು. ಎದ್ದು ನೋಡಿದಾಗ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ, ಅದರ ತುಂಬ ಸೊಳ್ಳೆಯ ಮರಿಗಳು. ತೊಟ್ಟಿಯನ್ನು ಮಗುಚಿ ಹಾಕಿಸಿದ, ಕಾಟ ಕಡಮೆಯಾಯಿತು. ಉಳಿದ ತೊಟ್ಟಿಗಳನ್ನೂ ಮಗುಚಿಸೋಣವೆಂದು ಮೇಲಿನವರಿಗೆ ಹೇಳಿದಾಗ, ಸೊಳ್ಳೆಗಳನ್ನೂ ಭಗವಂತ ಯಾವುದೋ ಉದ್ದೇಶದಿಂದಲೇ ಸೃಷ್ಟಿಸಿರಬೇಕು, ಪ್ರಕೃತಿಯ ಕ್ರಮವನ್ನು ಕೆಡಿಸಬಾರದು ಎಂಬ ಅರ್ಥದ ಉತ್ತರ ಬಂತೆಂದು ರಾಸ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಸರ್ಕಾರಿ ಉತ್ತರಗಳ ಧಾಟಿ ಅಂದಿಗೂ ಅಷ್ಟೇ.

ಅದೇ ರಾಸ್ 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡ. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಹಿಡಿದು ಕೆಲಸ ಮುಂದುವರಿಸಿದ. ಆ ಹಕ್ಕಿಗಳಲ್ಲಿ ಗುಬ್ಬಚ್ಚಿಗಳೂ ಇದ್ದುವಾದ್ದರಿಂದ ನಮ್ಮ ಗುಬ್ಬಿಯ ಜನ ಸ್ವಲ್ಪ ಹೆಮ್ಮೆಪಟ್ಟುಕೊಂಡರೆ ತಪ್ಪಿಲ್ಲ. 1898ರ ಜುಲೈ ತಿಂಗಳಲ್ಲಿ, ರೋಗದ ಜೀವಿಗಳು ಸೊಳ್ಳೆಯ ಹೊಟ್ಟೆಯಿಂದ ಹೊರಟು ಅದರ ಎದೆಯೊಳಗಣ ಒಂದು ಗ್ರಂಥಿಯಲ್ಲಿ ಗುಂಪುಗೂಡುವುದನ್ನು ಕಂಡ. ಅದು ಜೊಲ್ಲಿನ ಗ್ರಂಥಿ. ರೇಓಮ್ಯೂರ್ ಊಹಿಸಿದ್ದ ದ್ರವದ ದಾರಿಯಲ್ಲಿಯೇ ಜ್ವರವೂ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಪ್ರಪಂಚದ ಗಮನವೆಲ್ಲ ಜೊಲ್ಲಿನಲ್ಲಿ ಸವಾರಿ ಮಾಡುವ ರೋಗದ ಮೇಲೆ ಬಿದ್ದಿತು. ಜೊಲ್ಲು ತಾನೇ ಏನೆಂಬುದನ್ನು ಕೇಳುವವರು ಕಡಮೆಯಾದರು. ಮಲೇರಿಯಾ ಮನೆಮನೆಯನ್ನೂ ಹಾಳುಮಾಡುತ್ತಿದ್ದ ಕಾಲದಲ್ಲಿ ನವೆಯ ವಿಚಾರ ಯಾರಿಗೆ ಬೇಕಾಗಿತ್ತು?

ಕೇಳಿದವರಲ್ಲಿ ಒಬ್ಬ ಜರ್ಮನಿಯ ಫ್ರಿಟ್ಸ್ ಷೌಡಿನ್. ಸಾಮಾನ್ಯನಲ್ಲ, 1905ರಲ್ಲಿ ಸಿಫಿಲಿಸ್ ರೋಗದ ಜೀವಿಯನ್ನು ಕಂಡುಹಿಡಿದವರಲ್ಲಿ ಒಬ್ಬ. ಅದಕ್ಕೆ ಒಂದು ವರ್ಷ ಹಿಂದೆ ಅವನು ಸೊಳ್ಳೆಯ ಅಂಗಗಳನ್ನು ಬಿಡಿಸಿ, ಒಂದೊಂದನ್ನೂ ತನ್ನ ಚರ್ಮದ ಗಾಯಕ್ಕೆ ಸೇರಿಸಿ ನೋಡಿದ. ಜೊಲ್ಲಿನ ಗ್ರಂಥಿಯಿಂದ ಏನೂ ಆಗಲಿಲ್ಲವೆಂದೂ, ಅನ್ನನಾಳಕ್ಕೆ ಅಂಟಿಕೊಂಡ ಸಣ್ಣ ಚೀಲಗಳಿಂದ ದದ್ದು ಎದ್ದಿತೆಂದೂ ಬರೆದ. ಆ ಚೀಲಗಳಲ್ಲಿ ವಾಸಿಸುವ ಬೂಷ್ಟಿನಂಥ ಜೀವಿಗಳೇ ನವೆಗೆ ಕಾರಣವೆಂದು ತೀರ್ಮಾನಿಸಿದ. ಇದು ತಪ್ಪು. ಆದರೆ ಹೇಳಿದವನು ದೊಡ್ಡವನಾದ್ದರಿಂದ ತಪ್ಪೂ ದೊಡ್ಡ ಹೆಜ್ಜೆಯನ್ನೇ ಇಟ್ಟಿತು. ಪುಸ್ತಕದಿಂದ ಪುಸ್ತಕಕ್ಕೆ ನಡೆಯಿತು. ಮಲೇರಿಯಾ ಜೀವಿ ರಕ್ತಕಣದೊಳಕ್ಕೆ ನೇರವಾಗಿ ನುಗ್ಗುವುದನ್ನು ತಾನು ಕಣ್ಣಾರೆ ಕಂಡೆನೆಂದೂ ಇದೇ ಷೌಡಿನ್ ಹೇಳಿದ್ದ. ಅದು ಮೊದಲು ಯಕೃತ್ತಿನಲ್ಲಿ ಅಡಗುತ್ತದೆಂದು ತಿಳಿಯುವುದಕ್ಕೆ ಇನ್ನು ನಾಲ್ಕು ದಶಕಗಳು ಬೇಕಾದುವು.

ನನ್ನ ಮೊಮ್ಮಗಳ ಪ್ರಶ್ನೆಗೆ ನೇರವಾಗಿ ಕೈಹಾಕಿದವನು ಇಂಗ್ಲೆಂಡಿನ ಕೆನೆತ್ ಮೆಲ್ಯಾನ್ಬಿ. 1946ರಲ್ಲಿ ಅವನು ಪ್ರಕಟಿಸಿದ ಒಂದು ಸಣ್ಣ ಲೇಖನ ಈ ವಿಷಯದಲ್ಲಿ ಇಂದಿಗೂ ಕಣ್ಣು ತೆರೆಯಿಸುವಂಥದು. ಈಡಿಸ್ ಈಜಿಪ್ಟೈ ಎಂಬ ಸೊಳ್ಳೆ, ಎಂದರೆ ನಮ್ಮ ಮನೆಯ ಡ್ರಮ್ಮುಗಳಲ್ಲಿ ಹುಟ್ಟಿ ಹಗಲು ಹೊತ್ತು ಕಚ್ಚಿ ಡೆಂಗ್ಯೂ ತರುವ ಪಟ್ಟೆಗಾಲಿನ ಸೊಳ್ಳೆ, ಆ ದೇಶದಲ್ಲಿಲ್ಲ. ಹಾಗಾಗಿ ಅದರ ಕಡಿತವನ್ನು ಎಂದೂ ಕಾಣದ ಜನ ಅವನಿಗೆ ಸುಲಭವಾಗಿ ಸಿಕ್ಕಿದರು. ಅವರಿಗೆ ಮೇಲಿಂದ ಮೇಲೆ ಕಚ್ಚಿಸಿ ನೋಡಿದ. ಮೊದಲು ಕಚ್ಚಿದಾಗ ಏನೂ ಆಗಲಿಲ್ಲ. ಕೆಲವು ಸಲ ಆದಮೇಲೆ, ಕಚ್ಚಿದ ಜಾಗದಲ್ಲಿ ಮರುದಿನ ಗಂಟು ಕಾಣಿಸಿಕೊಂಡಿತು. ಇನ್ನೂ ಕಚ್ಚಿಸಿದಾಗ ಕಚ್ಚಿದ ಕೆಲವೇ ನಿಮಿಷಗಳಲ್ಲಿ ದದ್ದೂ, ಮರುದಿನ ಗಂಟೂ, ಎರಡೂ ಬಂದವು. ಬಿಡದೆ ಮುಂದುವರಿಸಿದಾಗ ಮರುದಿನದ ಗಂಟು ನಿಂತುಹೋಗಿ ಆ ಕ್ಷಣದ ದದ್ದು ಮಾತ್ರ ಉಳಿಯಿತು. ಕಡೆಗೆ ಅದೂ ಇಲ್ಲವಾಯಿತು. ಸೊಳ್ಳೆ ಬದಲಾಗಿರಲಿಲ್ಲ, ಮನುಷ್ಯನ ಮೈ ಐದು ಮೆಟ್ಟಿಲುಗಳನ್ನು ದಾಟಿತ್ತು.

ಇದನ್ನು ಓದಿದಾಗ ನನಗೆ ಹಿಂದಿನದೊಂದು ನೆನಪಾಯಿತು. ಆ ಹುಡುಗಿ ಮೂರು ವರ್ಷದವಳಿದ್ದಾಗ ಒಮ್ಮೆ ಬಂದು ಒಂದು ತಿಂಗಳು ಇದ್ದಳು. ಮೊದಲ ಎರಡು ವಾರ ಸೊಳ್ಳೆ ಎಷ್ಟು ಕಚ್ಚಿದರೂ ಅವಳ ಮೈಮೇಲೆ ಗುರುತೇ ಇರಲಿಲ್ಲ. “ನಿಮ್ಮ ಕುಣಿಗಲ್ ಸೊಳ್ಳೆಗೆ ಇವಳು ಹೆದರುವುದಿಲ್ಲ” ಎಂದು ಮಗಳು ಹೆಮ್ಮೆಪಟ್ಟಿದ್ದಳು. ಹೊರಡುವ ವಾರದಲ್ಲಿ ಮಾತ್ರ ಬೆಳಿಗ್ಗೆ ಎದ್ದಾಗ ಅಲ್ಲಲ್ಲಿ ಗಂಟು ಕಾಣುತ್ತಿದ್ದವು. ಯಾರೂ ಗಮನ ಕೊಡಲಿಲ್ಲ. ಮೆಲ್ಯಾನ್ಬಿಯ ಮೊದಲನೆಯ ಮೆಟ್ಟಿಲು, ಎರಡನೆಯ ಮೆಟ್ಟಿಲು! ಎರಡು ವರ್ಷ ಬಿಟ್ಟು ಬಂದವಳು ಮೂರನೆಯದರ ಮೇಲೆ ಕಾಲಿಟ್ಟಳು. ಅವಳ ಅಣ್ಣ ನಾಲ್ಕನೆಯದರ ಮೇಲಿದ್ದಾನೆ. ಐದನೆಯ ಮೆಟ್ಟಿಲಲ್ಲಿ ನಾನು, ಕಚ್ಚಿದ್ದೂ ತಿಳಿಯದೆ ಕುಳಿತಿರುತ್ತೇನೆ. ಹೊರದೇಶದಿಂದ ಬರುವ ಮಕ್ಕಳಿಗೆ ಇಲ್ಲಿನ ಸೊಳ್ಳೆಯಿಂದ ಮೈಯೆಲ್ಲ ಊದುವುದೂ, ಇಲ್ಲಿಯೇ ಬೆಳೆದ ಮಕ್ಕಳು ಹಾಯಾಗಿರುವುದೂ ಏಕೆಂಬುದಕ್ಕೆ ಇದು ಉತ್ತರ. ಎಲ್ಲರೂ ಎಲ್ಲ ಮೆಟ್ಟಿಲನ್ನೂ ಒಂದೇ ಸಮನಾಗಿ ಹತ್ತುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಕೆಲವರು ಮೂರನೆಯದರಲ್ಲಿಯೇ ವರ್ಷಗಟ್ಟಲೆ ನಿಂತುಬಿಡುತ್ತಾರೆ.

ಮೈಗೆ ಹೀಗೆ “ನೆನಪು” ಉಳಿಯುವುದು ಹೇಗೆ? 1906ರಲ್ಲಿ ವಿಯೆನ್ನಾದ ವೈದ್ಯ ಫಾನ್ ಪಿರ್ಕೆ ಇಂಥ ಬದಲಾದ ವರ್ತನೆಗೆ “ಅಲರ್ಜಿ” ಎಂದು ಹೆಸರಿಟ್ಟ. 1921ರಲ್ಲಿ ಪ್ರೌಸ್ನಿಟ್ಸ್ ಎಂಬವನು, ಮೀನು ತಿಂದರೆ ಮೈಯೆಲ್ಲ ಗಂದೆಯೇಳುವ ತನ್ನ ಸಹೋದ್ಯೋಗಿ ಕ್ಯುಸ್ಟ್ನರನ ರಕ್ತದ ತಿಳಿಯನ್ನು ತನ್ನ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಕೊಂಡ. ಅಲ್ಲಿ ದದ್ದೆದ್ದಿತು. ಒಬ್ಬನ ಅಲರ್ಜಿ ರಕ್ತದ ಮೂಲಕ ಇನ್ನೊಬ್ಬನಿಗೆ ದಾಟುವುದೆಂದು ಹೀಗೆ ತಿಳಿಯಿತು. ದಾಟುವ ಆ ವಸ್ತು ಯಾವುದೆಂಬುದು ತಿಳಿದದ್ದು 1966 ಮತ್ತು 1967ರಲ್ಲಿ. ಜಪಾನೀ ದಂಪತಿಗಳಾದ ಇಷಿಜಾಕಾ ಅವರು ಅಮೆರಿಕದಲ್ಲಿಯೂ, ಯೊಹಾನ್ಸನ್ ಮತ್ತು ಬೆನ್ನಿಕ್ ಅವರು ಸ್ವೀಡನ್ನಿನಲ್ಲಿಯೂ ಅದನ್ನು ಬೇರೆಬೇರೆಯಾಗಿ ಕಂಡರು. ಇಂದು ಅದಕ್ಕೆ ಐಜಿಇ ಎಂದು ಹೆಸರು.

ಮಾರ್ಕೋನಹಳ್ಳಿಯ ಸೈಫನ್ನನ್ನು ಇಲ್ಲಿ ನೆನಪಿಗೆ ತಂದುಕೊಳ್ಳಿ. ಕಟ್ಟೆಗೆ ನೀರು ಬಂದು ಸೇರುವಾಗ ಹೊರಗೆ ಏನೂ ಕಾಣದು. ಮಟ್ಟ ಏರುತ್ತಲೇ ಇರುತ್ತದೆ. ಒಂದು ಗೆರೆ ದಾಟಿತೆಂದರೆ ಸೈಫನ್ನು ಹಿಡಿದುಕೊಂಡು ಭೋರ್ಗರೆಯುತ್ತದೆ. ಮೊದಲ ಕಡಿತಗಳಲ್ಲಿ ನಮ್ಮ ಮೈ ಸೊಳ್ಳೆಯ ಜೊಲ್ಲಿನಲ್ಲಿರುವ ಪರಕೀಯ ವಸ್ತುವನ್ನು ಗುರುತಿಟ್ಟುಕೊಂಡು, ಅದಕ್ಕೆಂದೇ ಐಜಿಇಯನ್ನು ತಯಾರಿಸುತ್ತದೆ. ಅದು ಚರ್ಮದಲ್ಲಿರುವ ಮಾಸ್ಟ್ ಕೋಶಗಳೆಂಬ ಕಣಗಳ ಮೈಗೆ ಅಂಟಿಕೊಂಡು ಕಾಯುತ್ತದೆ. ಮತ್ತೊಮ್ಮೆ ಅದೇ ಜೊಲ್ಲು ಬಂದಾಗ ಆ ಕಣಗಳು ತಮ್ಮೊಳಗೆ ತುಂಬಿಕೊಂಡಿದ್ದ ಹಿಸ್ಟಮೀನ್ ಮೊದಲಾದ ವಸ್ತುಗಳನ್ನು ಒಮ್ಮೆಲೇ ಹೊರಕ್ಕೆ ಚೆಲ್ಲುತ್ತವೆ. ನವೆ, ಕೆಂಪು, ದದ್ದು, ಎಲ್ಲವೂ ಅದರ ಪರಿಣಾಮ. ಮರುದಿನದ ಗಂಟಿಗೆ ಮಾತ್ರ ರಕ್ತದ ಬಿಳಿಯ ಕಣಗಳು ಅಲ್ಲಿಗೆ ಬಂದು ಸೇರುವುದೂ ಕಾರಣ. ಸೊಳ್ಳೆ ಜೋರಾಗಿ ಕಚ್ಚಿರಲಿಲ್ಲ. ಜೋರು ಮಾಡಿದ್ದು ಮಗುವಿನ ಮೈ.

ಆದರೆ ಆ ಪರಕೀಯ ವಸ್ತು ಜೊಲ್ಲಿನಲ್ಲಿಯೇ ಇದೆಯೆಂದು, ಷೌಡಿನ್ನನ ಚೀಲದಲ್ಲಿಲ್ಲವೆಂದು, ಹೇಗೆ ಹೇಳುವುದು? 1960ರಲ್ಲಿ ಹಡ್ಸನ್, ಬೋಮನ್, ಆರ್ ಎಂಬ ಮೂವರು ಇದಕ್ಕೆ ಒಂದು ಶಸ್ತ್ರಕ್ರಿಯೆಯನ್ನೇ ಮಾಡಿದರು. ಸೂಕ್ಷ್ಮದರ್ಶಕದ ಕೆಳಗೆ ಸೊಳ್ಳೆಯ ಕತ್ತನ್ನು ಬಿಡಿಸಿ, ಜೊಲ್ಲು ಬರುವ ನಾಳವನ್ನು ಕತ್ತರಿಸಿ, ಸೊಳ್ಳೆಯನ್ನು ಬದುಕಿಸಿಕೊಂಡರು! ಜೊಲ್ಲಿಲ್ಲದ ಆ ಸೊಳ್ಳೆಗಳು ರಕ್ತವನ್ನೇನೋ ಕುಡಿದುವು. ಆದರೆ ಕಚ್ಚಿಸಿಕೊಂಡವರ ಚರ್ಮದಲ್ಲಿ ದದ್ದೇಳಲಿಲ್ಲ. ಅಪರಾಧಿ ಯಾರೆಂಬುದು ಅಲ್ಲಿಗೆ ಸ್ಥಿರಪಟ್ಟಿತು. ಇಂಥ ಕೈಗೆಲಸವನ್ನು ಕುರಿತು ಓದುವಾಗ, ಹುಬ್ಬಿನ ಮೇಲೆ ಕೂತ ಸೊಳ್ಳೆಯನ್ನೂ ಸರಿಯಾಗಿ ಹೊಡೆಯಲಾರದ ನನ್ನಂಥವನಿಗೆ ನಾಚಿಕೆಯಾಗುತ್ತದೆ.

ಜೊಲ್ಲಿಲ್ಲದೆಯೂ ರಕ್ತ ಸಿಗುವುದಾದರೆ ಸೊಳ್ಳೆಗೆ ಜೊಲ್ಲೇಕೆ? ಇದಕ್ಕೆ ಉತ್ತರ ಕೊಟ್ಟವರು ಬ್ರೆಜಿಲ್ ದೇಶದಿಂದ ಅಮೆರಿಕಕ್ಕೆ ಹೋದ ಹೋಸೆ ರಿಬೇರೊ ಮತ್ತು ಅವರ ಜೊತೆಗಾರರು. 1984ರಲ್ಲಿ ಅವರು ತೋರಿಸಿದ್ದು ಇಷ್ಟು: ಜೊಲ್ಲಿಲ್ಲದ ಸೊಳ್ಳೆ ರಕ್ತನಾಳವನ್ನು ಹುಡುಕುತ್ತ ಚರ್ಮದಲ್ಲಿ ಹೆಚ್ಚು ಹೊತ್ತು ತಡಕಾಡುತ್ತದೆ. ಸೊಳ್ಳೆಗೆ ಹೊತ್ತೆಂಬುದು ಪ್ರಾಣದ ಪ್ರಶ್ನೆ. ಮೇಲಿನಿಂದ ಯಾವ ಕ್ಷಣದಲ್ಲಿ ಅಂಗೈ ಬೀಳುವುದೋ ಹೇಳಲಾಗದು. ಚುಚ್ಚಿದ ಕಡೆ ನಮ್ಮ ರಕ್ತ ತೂತು ಮುಚ್ಚಿಕೊಳ್ಳಲು ಪ್ರಯತ್ನಿಸುತ್ತದೆ. ಸಣ್ಣ ಚಪ್ಪಟೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಿರಡೆ ಹಾಕುತ್ತವೆ. ಸೊಳ್ಳೆಯ ಜೊಲ್ಲಿನಲ್ಲಿರುವ ಅಪೈರೇಸ್ ಎಂಬ ಪ್ರೋಟೀನು, ಹಿಂದೆ ನಾವು ಪುಸ್ತಕಗಳಲ್ಲಿ ಸಸಾರಜನಕವೆಂದು ಓದುತ್ತಿದ್ದೆವಲ್ಲ ಆ ಜಾತಿಯ ವಸ್ತು, ಈ ಕಣಗಳನ್ನು ಕರೆಯುವ ಸಂದೇಶವನ್ನೇ ಕತ್ತರಿಸಿಹಾಕುತ್ತದೆ.

ಪ್ರೋಟೀನುಗಳನ್ನು ಒಂದೊಂದಾಗಿ ಹಿಡಿಯುವ ಕೆಲಸ ಇಲ್ಲಿಂದ ಬಿರುಸಾಯಿತು. ಕಷ್ಟವೇನೆಂದರೆ, ಒಂದು ಸೊಳ್ಳೆಯ ಎರಡು ಗ್ರಂಥಿಗಳನ್ನೂ ಸೇರಿಸಿದರೆ ಸಿಗುವ ಪ್ರೋಟೀನು ಒಂದು ಗ್ರಾಮಿನ ಹತ್ತು ಲಕ್ಷದ ಒಂದೆರಡು ಪಾಲು ಮಾತ್ರ. ನೂರಾರು ಸೊಳ್ಳೆಗಳ ಎದೆ ಬಿಡಿಸಿ ಗ್ರಂಥಿ ತೆಗೆಯಬೇಕು. ಅಥವಾ ಅದರ ಸೊಂಡಿಲನ್ನು ಸಣ್ಣ ಗಾಜಿನ ಕೊಳವೆಗೆ ತೂರಿಸಿ ಜೊಲ್ಲನ್ನು ಬಿಡಿಸಿಕೊಳ್ಳಬೇಕು. ಹೀಗೆ ಕೂಡಿಸಿದ ಜೊಲ್ಲನ್ನು ಅಂಟಾದ ಒಂದು ಹಾಳೆಯಲ್ಲಿಟ್ಟು ವಿದ್ಯುತ್ತು ಹರಿಸಿದರೆ, ಸಣ್ಣ ಪ್ರೋಟೀನುಗಳು ಮುಂದೆ ಓಡುತ್ತವೆ, ದಪ್ಪನಾದವು ಹಿಂದೆ ಉಳಿಯುತ್ತವೆ. ಜರಡಿ ಹಿಡಿದಂತೆ ಬೇರೆಬೇರೆ ಗೆರೆಗಳಾಗಿ ನಿಲ್ಲುತ್ತವೆ. ಆ ಗೆರೆಗಳ ಅಚ್ಚನ್ನು ಒಂದು ಕಾಗದದಂಥ ಪೊರೆಗೆ ತೆಗೆದು, ಅದರ ಮೇಲೆ ಸೊಳ್ಳೆ ಕಚ್ಚಿದರೆ ಊದುವ ಮನುಷ್ಯನ ರಕ್ತದ ತಿಳಿಯನ್ನು ಹರಡುತ್ತಾರೆ. ಅವನ ಐಜಿಇ ತನ್ನ ಶತ್ರುವನ್ನು ಗುರುತಿಸಿ ಯಾವ ಗೆರೆಗೆ ಅಂಟಿಕೊಳ್ಳುವುದೋ ಆ ಪ್ರೋಟೀನೇ ಅಪರಾಧಿ. ಪೋಲೀಸಿನವರು ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುವ ಕ್ರಮವೇ ಇದು. ಸಾಕ್ಷಿ ಹೇಳುವುದು ರಕ್ತ, ಅಷ್ಟೇ ವ್ಯತ್ಯಾಸ.

ಈ ಕೆಲಸದಲ್ಲಿ ಹೆಚ್ಚು ದುಡಿದವರು ಕೆನಡಾದ ವಿನ್ನಿಪೆಗ್ ನಗರದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ಝಿಕಾಂಗ್ ಪೆಂಗ್ ಮತ್ತು ಮಕ್ಕಳ ವೈದ್ಯೆ ಎಸ್ಟೆಲ್ ಸೈಮನ್ಸ್. ಆರು ತಿಂಗಳು ಹಿಮ ಬೀಳುವ ಊರಿನಲ್ಲಿ ಸೊಳ್ಳೆಯ ಶಾಸ್ತ್ರ ಬೆಳೆಯಿತೆಂದರೆ ಆಶ್ಚರ್ಯವಾಗಬಹುದು. ಆದರೆ ಹಿಮ ಕರಗಿದಮೇಲೆ ಅಲ್ಲಿಯ ಸೊಳ್ಳೆಯ ಹಾವಳಿ ನಮ್ಮದಕ್ಕೆ ಕಡಮೆಯಿಲ್ಲವಂತೆ. ಚಳಿಗಾಲವೆಲ್ಲ ಕಚ್ಚಿಸಿಕೊಳ್ಳದ ಮಕ್ಕಳು ಒಮ್ಮೆಲೇ ಅದಕ್ಕೆ ಗುರಿಯಾಗುತ್ತಾರೆ. 1999ರಲ್ಲಿ ಇವರಿಬ್ಬರು ಕೆಲವು ಪುಟ್ಟ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಕಚ್ಚಿದ ಕೆಲವೇ ಗಂಟೆಗಳಲ್ಲಿ ಊತ, ಬಿಸಿ, ಜ್ವರ; ನೋಡಿದವರೆಲ್ಲ ನಂಜೆಂದೇ ತಿಳಿಯುವಂತಿದ್ದ ಮಕ್ಕಳು. ರಕ್ತವನ್ನು ಪರೀಕ್ಷಿಸಿದಾಗ ಸೊಳ್ಳೆಯ ಜೊಲ್ಲಿಗೆ ಎದುರಾದ ಐಜಿಇ ಮೊದಲಾದವು ಸಿಕ್ಕಿದವು. ಉತ್ತರ ಅಮೆರಿಕದ ಆಡುಮಾತಿನಲ್ಲಿ ಸೊಳ್ಳೆಗೆ “ಸ್ಕೀಟರ್” ಎನ್ನುತ್ತಾರೆ. ಆದ್ದರಿಂದ ಇದಕ್ಕೆ “ಸ್ಕೀಟರ್ ಸಿಂಡ್ರೋಮ್” ಎಂದು ಹೆಸರಾಯಿತು. ಎರಡನೆಯ ವೈದ್ಯರು ನನ್ನನ್ನು ಕೇಳಿದ “ಎಷ್ಟು ಹೊತ್ತಿಗೆ ಊದಿತು” ಎಂಬ ಪ್ರಶ್ನೆಯ ಹಿಂದೆ ಇಷ್ಟು ಚರಿತ್ರೆಯಿತ್ತು.

ಗುರುತು ಸಿಕ್ಕಿದ ಅಪರಾಧಿಗಳಿಗೆ ನಂಬರು ಹಾಕುವ ಕ್ರಮವೂ ಉಂಟು. ಜೀವಿಯ ಹೆಸರಿನ ಮೊದಲಕ್ಷರಗಳು, ಆಮೇಲೆ ಅಂಕೆ. ಈಡಿಸ್ ಈಜಿಪ್ಟೈಯ ಅಪೈರೇಸಿಗೆ ಈಡ್ ಎ 1. ಡಿ7 ಎಂಬ ವಂಶದ ಪ್ರೋಟೀನಿಗೆ ಈಡ್ ಎ 2. ಮೂರನೆಯದು ನಂಟಿನಂಥ ಕೊಲಾಜನ್ನಿಗೆ ರಕ್ತಕಣಗಳು ಅಂಟದಂತೆ ತಡೆಯುವ ವರ್ಗಕ್ಕೆ ಸೇರಿದುದು. ನಾಲ್ಕನೆಯದು ಸಕ್ಕರೆಯನ್ನು ಒಡೆಯುವ ಒಂದು ಕಿಣ್ವ, ಹೂವಿನ ರಸ ಕುಡಿಯುವುದಕ್ಕೆ ಬೇಕಾದದ್ದು. ಇವುಗಳಲ್ಲಿ ನನಗೆ ಬಹಳ ಕೌತುಕವೆನಿಸಿದ್ದು ಎರಡನೆಯದು. ಡಿ7 ವಂಶ ವಾಸನೆ ಹಿಡಿಯುವ ಪ್ರೋಟೀನುಗಳ ದಾಯಾದಿ. ಅದರ ಮೈಯಲ್ಲಿ ಒಂದು ಗೂಡಿದೆ. ಆ ಗೂಡಿನಲ್ಲಿ ಅದು ಏನನ್ನು ಹಿಡಿದಿಟ್ಟುಕೊಳ್ಳುತ್ತದೆಂಬುದನ್ನು ರಿಬೇರೊ ಅವರ ತಂಡದವರೇ 2006ರಲ್ಲಿ ತಿಳಿಸಿದರು: ಡಿ7 ವಂಶದವು ಹಿಸ್ಟಮೀನ್, ಸೆರೊಟೋನಿನ್ ಮುಂತಾದವನ್ನು ಹಿಡಿದು ನುಂಗುತ್ತವೆ. ಎಂದರೆ ನವೆ ಊತಗಳನ್ನು ಹುಟ್ಟಿಸುವ ವಸ್ತುಗಳನ್ನೇ! ಕಚ್ಚಿದ್ದು ನಮಗೆ ತಿಳಿಯಬಾರದೆಂದು ಸೊಳ್ಳೆ ತರುವ ಸ್ಪಂಜು ಅದು. ನಮ್ಮ ಮೈ ಆ ಸ್ಪಂಜನ್ನೇ ಗುರುತಿಟ್ಟುಕೊಂಡು, ಅದನ್ನು ಕಂಡೊಡನೆ ಅದು ಹೀರಲಾರದಷ್ಟು ಹಿಸ್ಟಮೀನನ್ನು ಸುರಿಯುತ್ತದೆ. ಕಳ್ಳ ಸದ್ದಾಗದಿರಲೆಂದು ಕಾಲಿಗೆ ಸುತ್ತಿಕೊಂಡ ಬಟ್ಟೆಯನ್ನು ಕಂಡು ನಾಯಿ ಬೊಗಳಿದಂತೆ.

ಇಷ್ಟೆಲ್ಲ ಗುರುತು ಹಿಡಿದದ್ದರಿಂದ ನಮಗೇನು ಪ್ರಯೋಜನ ಎಂದು ನೀವು ಕೇಳಬಹುದು. ಅಲರ್ಜಿಯ ಪರೀಕ್ಷೆಗೆ ಬಹುಕಾಲ ಉಪಯೋಗಿಸುತ್ತ ಬಂದದ್ದು ಇಡೀ ಸೊಳ್ಳೆಯನ್ನು ಅರೆದು ತೆಗೆದ ಸಾರ. ಅದರಲ್ಲಿ ಜೊಲ್ಲಿನ ಅಂಶ ಹುಣಿಸೇಹಣ್ಣಿನಲ್ಲಿ ಉಪ್ಪಿನ ಹರಳಿನಷ್ಟು. ಉಳಿದದ್ದು ರೆಕ್ಕೆ, ಕಾಲು, ಸ್ನಾಯು. ಸೊಳ್ಳೆಯ ಸ್ನಾಯುವಿನಲ್ಲಿ ಟ್ರೊಪೊಮಯೋಸಿನ್ ಎಂಬ ಪ್ರೋಟೀನುಂಟು, ಈಡ್ ಎ 10 ಎಂದು ಅದರ ನಂಬರು. ಅದಕ್ಕೆ ಬಹಳ ಹತ್ತಿರದ ರೂಪಗಳು ಸಿಗಡಿಯಲ್ಲಿವೆ, ಜಿರಲೆಯಲ್ಲಿವೆ, ಹಾಸಿಗೆಯ ಧೂಳಿನ ನುಸಿಯಲ್ಲಿವೆ. ಹೀಗಾಗಿ ಸಿಗಡಿ ಒಗ್ಗದವನೊಬ್ಬನಿಗೆ ಈ ಸಾರದಿಂದ ದದ್ದೆದ್ದು, ಸೊಳ್ಳೆಯ ಅಲರ್ಜಿಯೆಂಬ ಸುಳ್ಳು ಹಣೆಪಟ್ಟಿ ಬೀಳಬಹುದು. ನಿಜವಾಗಿ ಸೊಳ್ಳೆ ಒಗ್ಗದ ಮಗುವಿಗೆ ಜೊಲ್ಲಿನ ಅಂಶ ಸಾಲದೆ ಏನೂ ಆಗದೆಯೂ ಇರಬಹುದು. ಪೆಂಗ್ ಮತ್ತು ಸೈಮನ್ಸ್ ಅವರು ಜೊಲ್ಲಿನ ಪ್ರೋಟೀನುಗಳ ಜೀನುಗಳನ್ನು ಬೇರ್ಪಡಿಸಿ, ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೀಟಕೋಶಗಳಲ್ಲಿ ಆ ಪ್ರೋಟೀನುಗಳನ್ನು ಶುದ್ಧವಾಗಿ ತಯಾರಿಸಿದ್ದು ಈ ತೊಡಕನ್ನು ಬಿಡಿಸುವುದಕ್ಕೆ. ಅಂಥ ಶುದ್ಧ ಪ್ರೋಟೀನಿನ ಪರೀಕ್ಷೆ ಬಹುಮಟ್ಟಿಗೆ ಸಂಶೋಧಕರ ಕೈಯಲ್ಲಿಯೇ ಇದೆ; ಬೀದಿಯ ಲ್ಯಾಬಿಗೆ ಇಳಿದು ಬಂದಿಲ್ಲ. ತಾಯಿ ಹೇಳುವ ವೃತ್ತಾಂತವೇ ಇಂದಿಗೂ ವೈದ್ಯರಿಗೆ ಮುಖ್ಯ ಆಧಾರ.

ವಿನ್ನಿಪೆಗ್ಗಿನ ಸೊಳ್ಳೆಯ ಮಾತಾಯಿತು. ಶಿಂಷೆಯ ದಡದ ಸೊಳ್ಳೆಯ ಮಾತೇನು? ಸೊಳ್ಳೆಯೆಂಬ ಒಂದೇ ಜಾತಿಯಿಲ್ಲ. ಗದ್ದೆಯ ನೀರಿನದು ಬೇರೆ, ಚರಂಡಿಯದು ಬೇರೆ, ಡ್ರಮ್ಮಿನದು ಬೇರೆ, ಬಾವಿಯದು ಬೇರೆ. ಅವುಗಳ ಜೊಲ್ಲುಗಳಲ್ಲಿ ಕೆಲವು ಪ್ರೋಟೀನುಗಳು ಸಮಾನ, ಕೆಲವು ಒಂದೊಂದರ ಸ್ವಂತ. ಊರು ಬದಲಾಯಿಸಿದವರಿಗೆ ಹಳೆಯ ಒಗ್ಗಿಕೆ ಪೂರ್ತಿ ನೆರವಿಗೆ ಬಾರದಿರುವುದು ಇದರಿಂದಲೇ. ಯಾವ ನೀರಿನಲ್ಲಿ ಯಾವ ಸೊಳ್ಳೆಯೆಂದು ಬೇರ್ಪಡಿಸುವ ಶಾಸ್ತ್ರದಲ್ಲಿ ಮೈಸೂರು ಸಂಸ್ಥಾನ ಹಿಂದೆ ಬಿದ್ದಿರಲಿಲ್ಲ. ಇರ್ವಿನ್ ನಾಲೆಯ ನೀರು ಹರಿದಮೇಲೆ ಮಂಡ್ಯದ ಸುತ್ತ ಬೆಲ್ಲದ ಜೊತೆಗೆ ಮಲೇರಿಯಾವೂ ಬೆಳೆಯಿತು. ಕಟ್ಟೆ ಕಟ್ಟಿದ ಸರ್ಕಾರವೇ ಸೊಳ್ಳೆಯ ಲೆಕ್ಕವನ್ನೂ ಇಡಬೇಕಾಯಿತು. ರಾಕ್‌ಫೆಲರ್ ಪ್ರತಿಷ್ಠಾನದಿಂದ ಬಂದಿದ್ದ ಡಾಕ್ಟರ್ ಸ್ವೀಟ್ ಅವರು ಬಿ. ಎ. ರಾವ್ ಅವರೊಡನೆ 1937ರಲ್ಲಿ ಅನಾಫಿಲಿಸ್ ಸ್ಟಿಫೆನ್ಸೈ ಎಂಬ ಮಲೇರಿಯಾ ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರು. ನೀರಿನಲ್ಲಿ ತೇಲಲು ಮೊಟ್ಟೆಯ ಎರಡು ಪಕ್ಕದಲ್ಲಿ ಬುರುಡೆ ಕಟ್ಟಿದಂತೆ ತೇಲುಗಳಿರುತ್ತವೆ. ಅವುಗಳ ಮೇಲಿನ ಮಡಿಕೆಗಳನ್ನು ಎಣಿಸಿ, ಮಡಿಕೆ ಕಡಮೆಯಿರುವ ಒಂದು ಪಂಗಡವನ್ನು ಬೇರೆ ಮಾಡಿ “ಮೈಸೊರೆನ್ಸಿಸ್” ಎಂದು ಹೆಸರಿಟ್ಟರು. ನಮ್ಮ ನಾಡಿನ ಹೆಸರು ರೇಷ್ಮೆಗೂ ಗಂಧಕ್ಕೂ ಮಾತ್ರವಲ್ಲ, ಸೊಳ್ಳೆಗೂ ಸೇರಿದೆ!

ಮುಂದಿನ ಅಧ್ಯಾಯವೂ ಬೆಂಗಳೂರಿನದೇ. ವೈಟ್‌ಫೀಲ್ಡಿನ ಬಳಿ 2002ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಸಂಸ್ಥೆಯವರು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದವರೊಡನೆ ಸೇರಿ, ಆಫ್ರಿಕದ ಮಲೇರಿಯಾ ಸೊಳ್ಳೆಯ ಜೊಲ್ಲಿನ ಗ್ರಂಥಿಯಲ್ಲಿರುವ ಪ್ರೋಟೀನುಗಳ ಪಟ್ಟಿಯನ್ನು 2005ರಲ್ಲಿ ಪ್ರಕಟಿಸಿದರು. ಆಮೇಲೆ ಸ್ವೀಟ್ ಮತ್ತು ರಾವ್ ಅವರ ಸ್ಟಿಫೆನ್ಸೈಯನ್ನೇ ಕೈಗೆತ್ತಿಕೊಂಡು, ಅದರ ಜೀನುಗಳನ್ನೂ ಪ್ರೋಟೀನುಗಳನ್ನೂ ಒಂದಕ್ಕೊಂದು ತಾಳೆ ನೋಡಿ ತಿದ್ದಿದ ಕೆಲಸ 2017ರಲ್ಲಿ ಹೊರಬಂತು. ಹಿಂದಿನವರು ನೂರಾರು ಗ್ರಂಥಿ ಬಿಡಿಸಿ ಒಂದು ಗೆರೆಯನ್ನು ಹಿಡಿಯುತ್ತಿದ್ದರೆ, ಇವರ ಯಂತ್ರ ಪ್ರೋಟೀನಿನ ಚೂರುಗಳನ್ನು ತೂಗಿ, ಆ ತೂಕದಿಂದ ನೂರಾರು ಹೆಸರುಗಳನ್ನು ಒಟ್ಟಿಗೆ ಓದುತ್ತದೆ. ಅವರ ಗುರಿ ಮಲೇರಿಯಾ; ನವೆಯಲ್ಲ. ಆದರೆ ಜೊಲ್ಲಿನ ಪಟ್ಟಿ ಒಮ್ಮೆ ಸಿದ್ಧವಾದರೆ, ಅದರಲ್ಲಿ ರೋಗಕ್ಕೆ ದಾರಿ ಮಾಡುವುದು ಯಾವುದು, ಮಗುವಿನ ಕೈ ಊದಿಸುವುದು ಯಾವುದು ಎಂದು ಹುಡುಕುವವರಿಗೆ ಅದೇ ಮೂಲ ಬಂಡವಾಳ.

ಮಗಳು ಮೊನ್ನೆ ಫೋನಿನಲ್ಲಿ ಮಾತಾಡಿದಳು. ದಸರೆಯ ರಜಕ್ಕೆ ಬರುತ್ತಾರಂತೆ. ಹುಡುಗಿ ಈಗ ದೊಡ್ಡವಳಾಗಿದ್ದಾಳೆ, ಮಾರ್ಕೋನಹಳ್ಳಿಯನ್ನು ಇನ್ನೊಮ್ಮೆ ನೋಡಬೇಕೆಂದು ಹಟ ಹಿಡಿದಿದ್ದಾಳೆ. “ಏನು ಮಾಡೋಣ ಅಪ್ಪಾ?” ಎಂದು ಕೇಳಿದಳು. ಫಿನ್ಲೆಂಡಿನ ರೆಯುನಾಲ ಎಂಬ ವೈದ್ಯರು 1990ರ ದಶಕದಲ್ಲಿ, ಸೊಳ್ಳೆ ಒಗ್ಗದವರಿಗೆ ಕಚ್ಚುವ ಮೊದಲೇ ಹಿಸ್ಟಮೀನನ್ನು ತಡೆಯುವ ಸೆಟಿರಿಜಿನ್ ಮಾತ್ರೆ ಕೊಟ್ಟು ನೋಡಿ, ದದ್ದೂ ನವೆಯೂ ಕಡಮೆಯಾಗುವುದನ್ನು ತೋರಿಸಿದ್ದಾರೆ. ಮಗುವಿಗೆ ಅದು ಆಗುತ್ತದೆಯೇ, ಎಷ್ಟು ಕೊಡಬೇಕು ಎಂಬುದನ್ನು ಅಲ್ಲಿಯ ವೈದ್ಯರನ್ನು ಕೇಳಿಕೊಂಡೇ ಬಾ ಎಂದೆ. ತುಂಬುತೋಳಿನ ಅಂಗಿ, ಉದ್ದ ಲಂಗ, ರಾತ್ರಿ ಪರದೆ. ಕತ್ತಲಾಗುವ ಮುಂಚೆ ಏರಿಯಿಂದ ಇಳಿದುಬಿಡುವುದು. ಮತ್ತೆ ಊದಿದರೆ ಗಂಟೆಯನ್ನು ಚೀಟಿಯಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸುವುದು. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ ಚೀಟಿ ಬರೆಯುತ್ತ ಕೂರದೆ ಆಸ್ಪತ್ರೆಗೆ ಓಡುವುದು. ಸೊಳ್ಳೆಯಿಂದ ಹಾಗಾಗುವುದು ಬಹಳ ಅಪರೂಪ, ಆದರೂ ತಿಳಿದಿರಲಿ.

ಇಷ್ಟನ್ನು ಹೇಳಿ ಫೋನಿಟ್ಟು ಹಿತ್ತಲಿಗೆ ಹೋದೆ. ಬಚ್ಚಲ ಪಕ್ಕದಲ್ಲಿ ಹಳೆಯ ಸಿಮೆಂಟಿನ ತೊಟ್ಟಿಯೊಂದಿದೆ, ಹಸು ಕಟ್ಟುತ್ತಿದ್ದ ಕಾಲದ್ದು. ಮಳೆಯ ನೀರು ನಿಂತಿತ್ತು. ಬಗ್ಗಿ ನೋಡಿದರೆ ಮರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಮೊಮ್ಮಗನನ್ನು ಕೂಗಿ ಕರೆದೆ. ಇಬ್ಬರೂ ಸೇರಿ ಅದನ್ನು ಮಗುಚಿದೆವು.